ಜೀವ ಉಳಿದ ಮೇಲಿನ ವಾರಗಳು

(ಕಲಬುರಗಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಸಾರ್ವಜನಿಕರ ಮುಂದೆ ಆಸ್ಪತ್ರೆಯೊಂದರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ. ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆತ್ಮಹತ್ಯೆಯ ವಿಷಯ ಬಂದಾಗ ನಮ್ಮ ಮಾತು ಸಾಮಾನ್ಯವಾಗಿ ತೀರಿಹೋದವರ ಲೆಕ್ಕದಿಂದಲೇ ಆರಂಭವಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ನೇ ವರ್ಷಕ್ಕೆ ಕೊಟ್ಟ ಅಂಕಿ 1,70,924. ಅದರಲ್ಲಿ ಕರ್ನಾಟಕದವರು 13,606. ನಾನು ಇವತ್ತು ಮಾತನಾಡಬೇಕೆಂದಿರುವುದು ಈ ಲೆಕ್ಕಕ್ಕೆ ಸೇರದೆ ಉಳಿದವರ ಬಗ್ಗೆ. ಒಂದು ಸಾವಿಗೆ ಇಪ್ಪತ್ತಕ್ಕೂ ಹೆಚ್ಚು ಪ್ರಯತ್ನಗಳು ನಡೆಯುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಒಂದಷ್ಟು ಜನ ಆಸ್ಪತ್ರೆಗೆ ಬರುತ್ತಾರೆ, ಐಸಿಯುನಲ್ಲಿ ದಿನಗಟ್ಟಲೆ ಮಲಗುತ್ತಾರೆ, ಬದುಕಿ ಮನೆಗೆ ಹೋಗುತ್ತಾರೆ. ಹೋದ ಮೇಲೆ ಅವರು ಏನಾದರು ಎಂಬುದನ್ನು ಯಾವ ರಿಜಿಸ್ಟರೂ ಹೇಳುವುದಿಲ್ಲ. ವೆಂಟಿಲೇಟರ್‌ನಿಂದ ಬಿಡಿಸಿದ ದಿನ ವೈದ್ಯರು "ಅಪಾಯದಿಂದ ಪಾರಾಗಿದ್ದಾರೆ" ಎನ್ನುತ್ತಾರಲ್ಲ, ದೇಹದ ಮಟ್ಟಿಗೆ ಆ ಮಾತು ನಿಜ. ಮನಸ್ಸಿನ ಮಟ್ಟಿಗೆ ಅಪಾಯ ಹೆಚ್ಚಿರುವ ಕಾಲ ಡಿಸ್ಚಾರ್ಜ್ ಆದ ನಂತರದ ವಾರಗಳು ಮತ್ತು ಮೊದಲ ಕೆಲವು ತಿಂಗಳು. ಆ ಕಾಲದಲ್ಲಿ ನಾವು ಯಾರೂ ಅವರ ಹತ್ತಿರ ಇರುವುದಿಲ್ಲ ಎಂಬುದೇ ನನ್ನ ತಕರಾರು.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಆನೆಟ್ ಬೋಟ್ರೇ ಎಂಬ ಸಂಶೋಧಕಿ, ಪ್ರಾಣಾಪಾಯದ ಮಟ್ಟದ ಪ್ರಯತ್ನ ಮಾಡಿ ಬದುಕಿದ 302 ಜನರನ್ನು ಐದು ವರ್ಷ ಹಿಂಬಾಲಿಸಿದರು. ಬಂದು ಕೆಲವು ಗಂಟೆಗಳಲ್ಲಿ ಮನೆಗೆ ಹೋದವರನ್ನು ಅವರು ಸೇರಿಸಿಕೊಳ್ಳಲಿಲ್ಲ. ದಾಖಲಾಗಿ ವಿಶೇಷ ಚಿಕಿತ್ಸೆ ಬೇಕಾದವರನ್ನಷ್ಟೇ ತೆಗೆದುಕೊಂಡರು. ಐದು ವರ್ಷಗಳಲ್ಲಿ ನೂರಕ್ಕೆ 37 ಜನ ಮತ್ತೊಮ್ಮೆಯಾದರೂ ಪ್ರಯತ್ನಿಸಿದ್ದರು, ನೂರಕ್ಕೆ 6.7 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಸಾಮಾನ್ಯ ಜನರಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಅಪಾಯ. ಹಾಗೆಯೇ, ಅಷ್ಟು ತೀವ್ರ ಪ್ರಯತ್ನ ಮಾಡಿದವರಲ್ಲೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಐದು ವರ್ಷದ ನಂತರ ಆತ್ಮಹತ್ಯೆಗೆ ಬಲಿಯಾಗಿರಲಿಲ್ಲ. "ಸಾಯಬೇಕಂದವರು ಹ್ಯಾಂಗಾರ ಸಾಯ್ತಾರ" ಎಂದು ನಮ್ಮ ಕಡೆ ಹೇಳುವವರಿದ್ದಾರೆ. ಆಸ್ಪತ್ರೆಯೊಳಗೂ ಈ ಮಾತನ್ನು ಕೇಳಿದ್ದೇನೆ. ಅದು ಸುಳ್ಳು, ಮತ್ತು ಅದನ್ನು ನಂಬಿದ ಆಸ್ಪತ್ರೆ ಕೈಚೆಲ್ಲಿ ಕೂರುತ್ತದೆ.

ಮೊದಲು ವಾರ್ಡಿನೊಳಗೆ ಹೋಗೋಣ. ನಮ್ಮದು ತೊಗರಿ, ಹತ್ತಿಯ ಸೀಮೆ. ಹೊಲಕ್ಕೆ ಹೊಡೆಯುವ ಎಣ್ಣಿ, ಅಂದರೆ ಕೀಟನಾಶಕ, ಮನೆಯಲ್ಲೇ ಇರುತ್ತದೆ. ಆದ್ದರಿಂದ ಕಲಬುರಗಿ, ಯಾದಗಿರಿ, ಬೀದರ್‌ನ ಐಸಿಯುಗಳಲ್ಲಿ ಈ ರೋಗಿಗಳ ಚಿಕಿತ್ಸೆಯೆಂದರೆ ಬಹುಪಾಲು ವಿಷದ ಚಿಕಿತ್ಸೆಯೇ. ವಿಷಕ್ಕೆ ಪ್ರತಿಯಾಗಿ ಅಟ್ರೋಪಿನ್ ಎಂಬ ಔಷಧ ಕೊಡುವಾಗ ರೋಗಿಯ ಬಾಯಿ ಒಣಗುತ್ತದೆ, ಮುಖ ಕೆಂಪಾಗುತ್ತದೆ, ಕೆಲವು ಸಲ ಅವರು ಹಾಸಿಗೆಯನ್ನು ತಡವುತ್ತಾರೆ, ಇಲ್ಲದವರ ಜೊತೆ ಮಾತನಾಡುತ್ತಾರೆ, ಎದ್ದು ಓಡಲು ನೋಡುತ್ತಾರೆ, ಕೊನೆಗೆ ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಬೇಕಾಗುತ್ತದೆ. ಹೊರಗೆ ಕೂತ ತಾಯಿ ಗಾಜಿನಿಂದ ಇದನ್ನು ನೋಡಿ ಮಗನಿಗೆ ಹುಚ್ಚು ಹಿಡಿಯಿತು ಎಂದುಕೊಳ್ಳುತ್ತಾಳೆ. ಇದು ಔಷಧದಿಂದಾದದ್ದು, ಪ್ರಮಾಣ ಕಡಿಮೆ ಮಾಡಿದಂತೆ ಇಳಿಯುತ್ತದೆ ಎಂದು ಅವಳಿಗೆ ಯಾರಾದರೂ ಹೇಳಬೇಕು. ಹೇಳಲು ಎರಡು ನಿಮಿಷ ಸಾಕು. ಹೇಳದಿದ್ದರೆ "ಹುಚ್ಚ" ಎಂಬ ಹೆಸರು ರೋಗಿಗಿಂತ ಮೊದಲೇ ಊರು ಸೇರುತ್ತದೆ.

ಇನ್ನೊಂದು ಮಾತನ್ನು ಇಲ್ಲಿರುವ ಸಂಬಂಧಿಕರು ಗಮನವಿಟ್ಟು ಕೇಳಬೇಕು. ಕೀಟನಾಶಕದಿಂದ ಬಂದ ರೋಗಿ ಮೊದಲ ದಿನ ಚೇತರಿಸಿಕೊಂಡು, ಎದ್ದು ಕೂತು, ಚಹಾ ಕೇಳಬಹುದು. ಅದೇ ರೋಗಿಗೆ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕುತ್ತಿಗೆಯ, ಉಸಿರಾಟದ ಸ್ನಾಯುಗಳು ಸೋತು ಮತ್ತೆ ವೆಂಟಿಲೇಟರ್ ಬೇಕಾಗಬಹುದು. "ಆರಾಮಾಗ್ಯಾನ, ಬಿಲ್ಲು ಏರಕತ್ತದ, ಸಹಿ ಮಾಡಿ ಕರಕೊಂಡು ಹೋಗ್ತೀವಿ" ಎಂದು ಹಟ ಮಾಡುವ ಗಳಿಗೆ ಸಾಮಾನ್ಯವಾಗಿ ಇದೇ ಸಮಯಕ್ಕೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಖರ್ಚೇ ಕಾರಣವಾಗಿದ್ದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಕಲಬುರಗಿಯಲ್ಲಿ ಜಿಮ್ಸ್ ಇದೆ, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಸರ್ಕಾರಿ ಆಸ್ಪತ್ರೆಗೆ ಸರಿಯಾದ ರೀತಿಯಲ್ಲಿ, ಆಂಬುಲೆನ್ಸಿನಲ್ಲಿ ಕಳಿಸುವುದಕ್ಕೂ ಮನೆಗೆ ಒಯ್ಯುವುದಕ್ಕೂ ಜೀವದಷ್ಟು ಅಂತರವಿದೆ.

ಗಂಟಲಿನ ಕೊಳವೆ ತೆಗೆದ ಮೇಲೆ ರೋಗಿಯ ಮೊದಲ ಮಾತು ಏನಿರಬಹುದು? ಕೆಲವರು "ಯಾಕ ಉಳಿಸಿದ್ರಿ ನನ್ನ" ಎಂದು ಸಿಟ್ಟಾಗುತ್ತಾರೆ. ಕೆಲವರು ನೀರು ಕೇಳುತ್ತಾರೆ, ಮಗು ಎಲ್ಲಿ ಎನ್ನುತ್ತಾರೆ, ಎಮ್ಮೆಗೆ ಯಾರು ನೀರು ಕುಡಿಸಿದರು ಎಂದು ಕೇಳುತ್ತಾರೆ. ಕೆಲವರಿಗೆ ಏನಾಯಿತೆಂಬುದೇ ನೆನಪಿರುವುದಿಲ್ಲ. ಸಿಟ್ಟಾದವರು ಮತ್ತೆ ಮಾಡುತ್ತಾರೆ, ಎಮ್ಮೆ ಕೇಳಿದವರು ಗುಣವಾದರು ಎಂದು ಲೆಕ್ಕ ಹಾಕುವುದು ಸುಲಭ, ಆದರೆ ಅನುಭವದಲ್ಲಿ ಅದು ನಿಲ್ಲುವುದಿಲ್ಲ. ಬೆಳಿಗ್ಗೆ ಬದುಕಬೇಕೆನಿಸಿ ಸಂಜೆಗೆ ಬೇಡವೆನಿಸುವುದು, ಒಂದೇ ಗಂಟೆಯಲ್ಲಿ ಎರಡೂ ಅನಿಸುವುದು ಈ ದಿನಗಳ ಸಹಜ ಸ್ಥಿತಿ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ, ಪ್ರಯತ್ನದ ನಂತರ ಆಸ್ಪತ್ರೆಗೆ ಬಂದ 82 ಜನರನ್ನು ಕೇಳಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನ, ಆ ಸಲದ ಮೊದಲ ಯೋಚನೆಗೂ ಕೃತ್ಯಕ್ಕೂ ನಡುವೆ ಇದ್ದದ್ದು ಹತ್ತು ನಿಮಿಷ ಅಥವಾ ಅದಕ್ಕೂ ಕಡಿಮೆ ಎಂದಿದ್ದರು. ವರ್ಷಗಳ ಸಂಕಟ ಹಿಂದೆ ಇದ್ದಿರಬಹುದು. ನಿರ್ಧಾರದ ಗಳಿಗೆ ಮಾತ್ರ ಅಷ್ಟು ಚಿಕ್ಕದು. ನಮ್ಮ ಕೆಲಸಕ್ಕೆ ಜಾಗವಿರುವುದು ಈ ಕಾರಣಕ್ಕೆ.

ದೇಹಕ್ಕೆ ಆದ ಹಾನಿಯಿಂದ ಮನಸ್ಸಿನ ಇರಾದೆಯನ್ನು ಅಳೆಯಲೂ ಬಾರದು. ಯಾವುದು ಎಷ್ಟು ಅಪಾಯಕಾರಿ ಎಂಬ ತಿಳಿವಳಿಕೆ ಜನರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಜೇವರ್ಗಿ ಕಡೆಯ ಒಬ್ಬ ಹುಡುಗಿಗೆ ದೈಹಿಕವಾಗಿ ಹೆಚ್ಚೇನೂ ಆಗಿರಲಿಲ್ಲ. ಆದರೆ ಅವಳು ಒಂದು ವಾರದಿಂದ ತನ್ನ ಪುಸ್ತಕಗಳನ್ನು ಗೆಳತಿಯರಿಗೆ ಹಂಚಿದ್ದಳು. ಅವಳ ಪಕ್ಕದ ಮಂಚದ ಹೆಂಗಸು, ಗಂಡನ ಜೊತೆ ಜಗಳವಾದ ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಹಲವು ದಿನ ವೆಂಟಿಲೇಟರ್‌ನಲ್ಲಿದ್ದಳು. ವಾರ್ಡಿನವರ ಗಮನವೆಲ್ಲ ಎರಡನೆಯವಳ ಮೇಲಿತ್ತು. ಮೊದಲನೆಯವಳಿಗೆ "ನಾಟಕ" ಎಂಬ ಹಣೆಪಟ್ಟಿ ಬಿದ್ದಿತ್ತು.

ಸಿಬ್ಬಂದಿಯ ಸಿಟ್ಟಿನ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಇಲ್ಲಿ ಕೂತ ನರ್ಸಿಂಗ್ ವಿದ್ಯಾರ್ಥಿಗಳು ನಾಳೆ ಆ ಸಿಟ್ಟಿನ ನಡುವೆಯೇ ಕೆಲಸ ಮಾಡುವವರು. ಒಂದು ಕಡೆ ಹಾವು ಕಚ್ಚಿದ ರೈತ, ಇನ್ನೊಂದು ಕಡೆ ಅಪಘಾತದ ಹುಡುಗ, ನಡುವೆ "ಬೇಕಂತ ಮಾಡ್ಕೊಂಡವರು". ಒಂದು ಪಾಳಿಯಲ್ಲಿ ಒಬ್ಬ ಸಿಸ್ಟರ್ ನೋಡಬೇಕಾದ ಮಂಚಗಳ ಸಂಖ್ಯೆ ನಿಮಗೆಲ್ಲ ಗೊತ್ತಿದೆ. ಆ ಸಿಟ್ಟು ಎಲ್ಲಿಂದ ಬರುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಹೊಟ್ಟೆ ತೊಳೆಯುವಾಗ "ಇನ್ನೊಮ್ಮಿ ಮಾಡ್ತೀಯೇನು" ಎಂದು ಗದರಿಸಿದರೆ ರೋಗಿ ಪಾಠ ಕಲಿಯುತ್ತಾನೆ ಎಂಬ ನಂಬಿಕೆಗೆ ಆಧಾರವಿಲ್ಲ. ಅವನು ಕಲಿಯುವುದು ಇಷ್ಟೇ: ಮುಂದಿನ ಸಲ ಸಂಕಟ ಬಂದಾಗ ಈ ಬಾಗಿಲಿಗೆ ಬರಬಾರದು. ಗಂಟಲು ನೋಯುತ್ತಿದೆಯೇ, ನಿದ್ದೆ ಬಂತೇ, ಈಗ ಯಾರನ್ನು ನೋಡಬೇಕೆನಿಸುತ್ತದೆ, ಯಾರನ್ನು ನೋಡುವುದು ಬೇಡ ಎನಿಸುತ್ತದೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಕಾರಣದ ಎಳೆ ಹಲವು ಸಲ ತಾನಾಗಿ ಸಿಗುತ್ತದೆ. ಆಮೇಲೆ, ಸಾಯುವ ಯೋಚನೆ ಈಗಲೂ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ವ್ಯಾಪಕವಾಗಿದೆ; ಈ ಕುರಿತು ನಡೆದ ಅಧ್ಯಯನಗಳಲ್ಲಿ ಅಂಥದ್ದೇನೂ ಕಂಡುಬಂದಿಲ್ಲ. ಕೇಳಿದಾಗ ರೋಗಿಗಳ ಹೆಗಲು ಇಳಿಯುವುದನ್ನು ನಾನು ನೋಡಿದ್ದೇನೆ.

ಈಗ ಪೊಲೀಸರ ವಿಷಯ. ರೋಗಿ ಬಂದ ಕೂಡಲೇ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣವೆಂಬ ದಾಖಲೆ, ಅಂದರೆ ಎಂಎಲ್‌ಸಿ ಆಗುತ್ತದೆ, ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗುತ್ತದೆ, ಹೇಳಿಕೆ ಪಡೆಯಲು ಪೊಲೀಸರು ಬರುತ್ತಾರೆ. ಕುಟುಂಬದವರು ಹೆದರಿ "ಔಷಧ ಅಂತ ತಪ್ಪಿ ಕುಡದಾಳ್ರಿ" ಎಂದು ಬರೆಸುತ್ತಾರೆ. ಆತ್ಮಹತ್ಯೆಯ ಪ್ರಯತ್ನವನ್ನೇ ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 309ನೇ ಕಲಮಿನ ನೆನಪು ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ವಿಚಾರಣೆ, ಶಿಕ್ಷೆ ಕೂಡದು. ಅಷ್ಟೇ ಅಲ್ಲ, ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸಿ ಮತ್ತೆ ಹಾಗಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ರಂಥ ಕಲಮೇ ಇಲ್ಲ. ಸರ್ಕಾರಿ ನೌಕರರನ್ನು ಅವರ ಕರ್ತವ್ಯದ ವಿಷಯದಲ್ಲಿ ಬಲವಂತಪಡಿಸಲು ಅಥವಾ ತಡೆಯಲು ಆತ್ಮಹತ್ಯೆಗೆ ಪ್ರಯತ್ನಿಸುವುದಕ್ಕೆ ಸಂಬಂಧಿಸಿದ 226ನೇ ಕಲಮು ಬೇರೆ ಮಾತು. ಸುಳ್ಳು ಬರೆಸುವುದರಿಂದ ಕುಟುಂಬಕ್ಕೆ ಸಿಗುವ ರಕ್ಷಣೆ ಏನೂ ಇಲ್ಲ, ನಷ್ಟ ಮಾತ್ರ ದೊಡ್ಡದು: ಕೇಸ್ ಶೀಟಿನಲ್ಲಿ "ಆಕಸ್ಮಿಕ" ಎಂದು ಬಿದ್ದರೆ ಮನೋವೈದ್ಯರಿಗೆ ಕರೆ ಹೋಗುವುದಿಲ್ಲ. ನಾನು ನೋಡಬೇಕಾಗಿದ್ದ ಎಷ್ಟೋ ರೋಗಿಗಳು ಈ ಒಂದು ಪದದ ಹಿಂದೆ ಮರೆಯಾಗಿ ಮನೆಗೆ ಹೋಗಿದ್ದಾರೆ.

ಕಾರಣಗಳ ವಿಷಯದಲ್ಲಿ ನಾನು ಹೆಚ್ಚು ಹೇಳುವುದಿಲ್ಲ. ಒಂದೇ ಕಾರಣ ಹುಡುಕುವ ಚಟ ನಮ್ಮೆಲ್ಲರಿಗೂ ಇದೆ. ಪತ್ರಿಕೆಗೂ ಒಂದೇ ಸಾಲಿನ ಕಾರಣ ಬೇಕು. ನಮ್ಮ ಭಾಗವೆಂದರೆ ಎಲ್ಲರಿಗೂ ರೈತರ ಆತ್ಮಹತ್ಯೆಯೇ ನೆನಪಾಗುತ್ತದೆ, ನೆಟೆ ರೋಗಕ್ಕೆ ತೊಗರಿ ಒಣಗಿದ ವರ್ಷಗಳ ಸಂಕಟ ಸಣ್ಣದಲ್ಲ; ಆದರೂ 2022ರ ರಾಷ್ಟ್ರೀಯ ಅಂಕಿಗಳಲ್ಲಿ ಕೃಷಿ ವಲಯದವರ ಪಾಲು ಶೇ 6.6, ದಿನಗೂಲಿಗಳ ಪಾಲು ಶೇ 26.4. ಗುಳೆ ಹೋಗುವ ತಾಂಡಾಗಳ ಜನರನ್ನು ಬಲ್ಲ ನಿಮಗೆ ಈ ಎರಡನೆಯ ಅಂಕಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅದೇ ವರದಿಯಲ್ಲಿ ಕೌಟುಂಬಿಕ ಸಮಸ್ಯೆಗಳು ಶೇ 31.7, ಕಾಯಿಲೆ ಶೇ 18.4. ಈ "ಕಾಯಿಲೆ"ಯನ್ನು ನಾವು ಲಘುವಾಗಿ ನೋಡುತ್ತೇವೆ. ಬಸವಕಲ್ಯಾಣ ಕಡೆಯ ಒಬ್ಬ ಹಿರಿಯರಿಗೆ ವರ್ಷಗಳಿಂದ ಹೊಟ್ಟೆನೋವು. ಬೀದರ್, ಸೋಲಾಪುರ, ಹೈದರಾಬಾದ್ ಎಂದು ಅಲೆದು ಸ್ಕ್ಯಾನಿಂಗ್ ಚೀಟಿಗಳ ಒಂದು ಚೀಲವನ್ನೇ ಇಟ್ಟುಕೊಂಡಿದ್ದರು. ಎಲ್ಲ ಚೀಟಿಯಲ್ಲೂ "ನಾರ್ಮಲ್" ಎಂದೇ ಇತ್ತು. ಮಕ್ಕಳು "ಏನೂ ಇಲ್ಲ ಅಂತ ಡಾಕ್ಟರೇ ಹೇಳ್ಯಾರ" ಎನ್ನುತ್ತಿದ್ದರು. ಅವರಿಗಿದ್ದದ್ದು ಖಿನ್ನತೆ, ಅದು ಹೊಟ್ಟೆಯಲ್ಲಿ ಕೂತಿತ್ತು. ಪ್ರಯತ್ನದ ನಂತರ ದಾಖಲಾದಾಗಲೇ ಮೊದಲ ಬಾರಿಗೆ ಯಾರೋ ಅವರ ನಿದ್ದೆಯ ಬಗ್ಗೆ, ಹಸಿವಿನ ಬಗ್ಗೆ, ತೀರಿಹೋದ ಹೆಂಡತಿಯ ಬಗ್ಗೆ ಕೇಳಿದ್ದು. ಕೆಲವು ವಾರ ಔಷಧ ತೆಗೆದುಕೊಂಡ ಮೇಲೆ ನೋವು ಪೂರ್ತಿ ಹೋಗಲಿಲ್ಲ, ಆದರೆ ಅದರ ಜೊತೆ ಇರಬಹುದು ಎಂಬ ಮಟ್ಟಕ್ಕೆ ಬಂತು ಎಂದು ಅವರೇ ಹೇಳಿದರು. ನನಗೆ ಅಷ್ಟು ಸಾಕು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಗಂಡ, ಅತ್ತೆ ಪಕ್ಕದಲ್ಲೇ ನಿಂತಿರುವಾಗ ಕೇಳಿದ ಪ್ರಶ್ನೆಗೆ ಬಂದದ್ದು ಉತ್ತರವಲ್ಲ. ಡ್ರೆಸಿಂಗ್ ನೆಪ ಮಾಡಿಯಾದರೂ ಅವರನ್ನು ಹೊರಗೆ ಕಳಿಸಿ ಒಬ್ಬಳನ್ನೇ ಮಾತನಾಡಿಸಬೇಕು. ಹೊಡೆತ ಬಡಿತದ ವಿಷಯ ಹೊರಬಂದರೆ ಸಖಿ ಕೇಂದ್ರವಿದೆ, 181 ಸಹಾಯವಾಣಿ ಇದೆ. ಸುಟ್ಟಗಾಯದಿಂದ ಬದುಕಿದವರಲ್ಲಿ ಹೆಚ್ಚಿನವರು ಹೆಂಗಸರೇ. ಅವರಿಗೆ ತಿಂಗಳುಗಟ್ಟಲೆ ವ್ಯಾಯಾಮ, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಕನ್ನಡಿಯ ಮುಂದೆ ನಿಲ್ಲುವುದೇ ಒಂದು ಚಿಕಿತ್ಸೆಯಾಗಿರುತ್ತದೆ. ಅವರದು ಪ್ರತ್ಯೇಕ ಉಪನ್ಯಾಸಕ್ಕೆ ತಕ್ಕ ವಿಷಯ, ಇಲ್ಲಿ ಇಷ್ಟಕ್ಕೇ ಬಿಡುತ್ತೇನೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಡಿಸ್ಚಾರ್ಜ್ ದಿನದ ಬಗ್ಗೆ. ಆ ದಿನ ಎಲ್ಲರಿಗೂ ಅವಸರ. ಬಿಲ್ಲು, ಬಸ್ಸು, ಮುಂದಿನ ರೋಗಿಗೆ ಮಂಚ. ಕಾರ್ಡಿನ ಕೆಳಗೆ "ಮನೋರೋಗ ವಿಭಾಗಕ್ಕೆ ತೋರಿಸುವುದು" ಎಂದು ಓದಲಾಗದ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಓದಿದರೂ ಹೋಗುವುದಿಲ್ಲ. ಹೋಗಬೇಕೆಂದರೆ ಕೂಲಿ ಬಿಡಬೇಕು, ಜೊತೆಗೊಬ್ಬರು ಬರಬೇಕು, ಆ ವಿಭಾಗದ ಸಾಲಿನಲ್ಲಿ ಊರವರ ಕಣ್ಣಿಗೆ ಬೀಳಬೇಕು. ಆದ್ದರಿಂದ ರೋಗಿ ನಮ್ಮ ಬಳಿ ಬರಲಿ ಎಂದು ಕಾಯುವುದರ ಬದಲು ನಾವೇ ಅವರನ್ನು ಸಂಪರ್ಕಿಸಿದರೆ ಹೇಗೆ ಎಂಬ ಪ್ರಶ್ನೆ ಬಹಳ ಹಿಂದೆಯೇ ಹುಟ್ಟಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೋಟೋ ಎಂಬ ಮನೋವೈದ್ಯರು, ಆಸ್ಪತ್ರೆಯಿಂದ ಹೋದ ಮೇಲೆ ಮುಂದಿನ ಚಿಕಿತ್ಸೆಯನ್ನು ಒಲ್ಲೆನೆಂದ ಅಥವಾ ನಡುವೆ ಬಿಟ್ಟ 843 ಜನರಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷ ಚಿಕ್ಕ ಪತ್ರಗಳನ್ನು ಕಳಿಸುತ್ತ ಹೋದರು. ನೀವು ನಮ್ಮ ನೆನಪಿನಲ್ಲಿದ್ದೀರಿ, ಬರೆಯಬೇಕೆನಿಸಿದರೆ ಬರೆಯಿರಿ ಎನ್ನುವಷ್ಟೇ ಪತ್ರ. ಅದರಲ್ಲಿ ಉಪದೇಶವಾಗಲಿ ಒತ್ತಾಯವಾಗಲಿ ಇರಲಿಲ್ಲ. ಪತ್ರ ಪಡೆದವರಲ್ಲಿ, ವಿಶೇಷವಾಗಿ ಮೊದಲ ಎರಡು ವರ್ಷ, ಆತ್ಮಹತ್ಯೆಯ ಸಾವು ಪತ್ರ ಪಡೆಯದವರಿಗಿಂತ ಕಡಿಮೆಯಿತ್ತು.

ಅದು ಅಮೆರಿಕ, ನಮಗೆ ಹೊಂದುವುದಿಲ್ಲ ಎನ್ನುವವರಿಗೆ ಚೆನ್ನೈ ಉತ್ತರ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಶ್ರೀಲಂಕಾ, ಇರಾನ್, ಚೀನಾ ಮತ್ತು ಭಾರತದ ಒಂದೊಂದು ಊರಿನಲ್ಲಿ ಒಂದು ಅಧ್ಯಯನ ನಡೆಸಿತು. ಭಾರತದ ಊರು ಚೆನ್ನೈ, ಅಲ್ಲಿ ಮುಂದೆ ನಿಂತವರು ಡಾ. ಲಕ್ಷ್ಮೀ ವಿಜಯಕುಮಾರ್. ಐದೂ ಊರುಗಳಲ್ಲಿ ಪ್ರಯತ್ನದ ನಂತರ ತುರ್ತು ವಿಭಾಗಕ್ಕೆ ಬಂದ 1,867 ಜನರಲ್ಲಿ ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆ ಮನೆಗೆ ಹೋಗುವ ಮುನ್ನ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಂಪರ್ಕ, ಫೋನಿನಲ್ಲಿ ಅಥವಾ ಭೇಟಿಯಲ್ಲಿ. ಹದಿನೆಂಟು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ 2.2, ಎರಡನೆಯದರಲ್ಲಿ ಶೇ 0.2. 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಎಲ್ಲ ಕಡೆಯ ಅಧ್ಯಯನಗಳೂ ಇದೇ ಪ್ರಮಾಣದಲ್ಲಿ ತೋರಿಸಿವೆ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಗಂಟೆ ಮತ್ತು ಒಂಬತ್ತು ಸಂಪರ್ಕ ಎಂಬುದು ಐಸಿಯುನ ಒಂದು ದಿನದ ಖರ್ಚಿಗೂ ಸಮನಲ್ಲ ಎಂಬುದನ್ನು ಆಸ್ಪತ್ರೆ ನಡೆಸುವವರು ಯೋಚಿಸಬೇಕು.

ಆ ಒಂದು ಗಂಟೆಯಲ್ಲಿ ಏನು ಮಾಡಬೇಕು? ನಮ್ಮ ಮನೆಗಳಲ್ಲಿ ಮಾಡುವುದು ಆಣೆ. "ಇನ್ನೊಮ್ಮಿ ಹಿಂಗ ಮಾಡಲ್ಲಂತ ಮಗನ ತಲಿ ಮುಟ್ಟಿ ಆಣಿ ಮಾಡು" ಎಂದು ಡಿಸ್ಚಾರ್ಜಿಗೆ ಮುಂಚೆಯೇ ಮಾಡಿಸುತ್ತಾರೆ. ಅದರ ಹಿಂದಿನ ಪ್ರೀತಿ ನನಗೆ ಕಾಣುತ್ತದೆ. ಆದರೆ ಮುಂದೊಂದು ರಾತ್ರಿ ಆ ಯೋಚನೆ ಮತ್ತೆ ಬಂದಾಗ, ಆಣೆಗೆ ಕಟ್ಟುಬಿದ್ದವಳು ಅದನ್ನು ಬಾಯಿಬಿಟ್ಟು ಹೇಳಲಾರಳು. ಹೇಳಿದರೆ ಮಗನ ತಲೆಯ ಮೇಲಿನ ಆಣೆ ಮುರಿದಂತೆ. ಇಂಥ ಮಾತು ಬರೆಸಿಕೊಳ್ಳುವ ಪದ್ಧತಿ ಬೇರೆ ದೇಶಗಳ ಆಸ್ಪತ್ರೆಗಳಲ್ಲೂ ಇತ್ತು, ಅದರಿಂದ ಪ್ರಯೋಜನವಾಯಿತೆಂಬುದಕ್ಕೆ ಪುರಾವೆ ಸಿಗಲಿಲ್ಲ. ಅದರ ಜಾಗದಲ್ಲಿ ಬಂದದ್ದು ಸುರಕ್ಷತಾ ಯೋಜನೆ, ಅಂದರೆ ಆ ಯೋಚನೆ ಮತ್ತೆ ಬಂದಾಗ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂದು ರೋಗಿಯ ಜೊತೆ ಕೂತು ಮೊದಲೇ ಬರೆದಿಡುವ ಪಟ್ಟಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಸ್ಟ್ಯಾನ್ಲಿ ಮತ್ತು ಬ್ರೌನ್ ಎಂಬ ಸಂಶೋಧಕರು ಈ ಯೋಜನೆಯ ಜೊತೆ ಕೆಲವು ಫೋನ್ ಕರೆಗಳನ್ನು ಸೇರಿಸಿ ನೋಡಿದಾಗ, ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯಾ ನಡವಳಿಕೆ ಸುಮಾರು ಶೇ 45ರಷ್ಟು ಕಡಿಮೆಯಿತ್ತು.

ಯೋಜನೆ ಎಂದರೆ ದೊಡ್ಡ ಕಾಗದವಲ್ಲ. ಶೋರಾಪುರ ಕಡೆಯ ಒಬ್ಬ ಯುವಕ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ಮೊಬೈಲ್ ಆ್ಯಪ್‌ನಲ್ಲಿ ಸಾಲ ಮಾಡಿದ್ದ. ಅವನ ಯೋಜನೆಯನ್ನು ಅವನ ಅಕ್ಷರದಲ್ಲೇ, ಅವನ ಮಾತಿನಲ್ಲೇ ಬರೆಸಿದೆವು. ರಾತ್ರಿ ಹನ್ನೊಂದರ ನಂತರ ನಿದ್ದೆ ಬರದೆ ಸಾಲದ ಮೆಸೇಜುಗಳನ್ನು ಮತ್ತೆ ಮತ್ತೆ ಓದತೊಡಗಿದರೆ ಅದು ಅಪಾಯದ ಗುರುತು ಎಂಬುದು ಮೊದಲ ಸಾಲು. ಆಗ ಫೋನು ಪಕ್ಕಕ್ಕಿಟ್ಟು ತಲೆಗೆ ನೀರು ಹಾಕಿಕೊಳ್ಳುವುದು. ಆಗದಿದ್ದರೆ ಶೆಡ್ಡಿನಿಂದ ಎದ್ದು, ರಾತ್ರಿಯೂ ತೆರೆದಿರುವ ಚಹಾದ ಅಂಗಡಿಯಲ್ಲಿ ನಾಲ್ಕು ಜನರ ನಡುವೆ ಕೂರುವುದು. ಅದೂ ಆಗದಿದ್ದರೆ ಅಕ್ಕನ ಗಂಡನಿಗೆ ಫೋನ್. ಅವ್ವನಿಗೆ ಬೇಡ, ಅವಳು ಅಳುತ್ತಾಳೆ ಎಂದು ಅವನೇ ಹೇಳಿದ. ಆ ಭಾವನನ್ನು ಕರೆಸಿ, ಇಂಥ ಫೋನ್ ಬಂದರೆ ಬುದ್ಧಿ ಹೇಳಬಾರದು, ಕೇಳಬೇಕು, ಬೆಳಗಿನವರೆಗೆ ಅವನನ್ನು ಒಬ್ಬನೇ ಬಿಡಬಾರದು ಎಂದು ತಿಳಿಸಿದೆವು. ಕೊನೆಯ ಸಾಲುಗಳಲ್ಲಿ ಆಸ್ಪತ್ರೆಯ ನಂಬರು, ಟೆಲಿ ಮಾನಸ್ ಸಹಾಯವಾಣಿಯ 14416, ಮತ್ತು ಹಳ್ಳಿಯ ಮನೆಯಲ್ಲಿದ್ದ ಎಣ್ಣಿ ಡಬ್ಬಿಗಳನ್ನು ಯಾರು, ಯಾವಾಗ ಹೊರಗೆ ಸಾಗಿಸುತ್ತಾರೆ ಎಂಬುದು. ಮನೋವೈದ್ಯರೂ ಇಂಥವರಿಗೆ ಔಷಧಿಯನ್ನು ತಿಂಗಳಿಗೆ ಒಟ್ಟಿಗೆ ಕೊಡುವುದಿಲ್ಲ. ವಾರಕ್ಕೆ ಬೇಕಾದಷ್ಟೇ ಕೊಟ್ಟು, ಮನೆಯ ಒಬ್ಬರ ಕೈಯಲ್ಲಿ ಇಡಿಸುತ್ತಾರೆ.

ಎಣ್ಣಿಯ ವಿಷಯದಲ್ಲಿ ಒಂದು ಪಕ್ಕದ ಮಾತು. ಪ್ರತಿ ರೈತನ ಮನೆಗೂ ಬೀಗದ ಪೆಟ್ಟಿಗೆ ಕೊಟ್ಟರೆ ಸಾಕಲ್ಲವೇ ಎಂದು ಕೇಳುತ್ತಾರೆ. ಶ್ರೀಲಂಕಾದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆಟ್ಟಿಗೆಯಿಂದ ವ್ಯತ್ಯಾಸ ಕಾಣಲಿಲ್ಲ; ಬೀಗದ ಕೈ ಮನೆಯವರ ಬಳಿಯೇ ಇರುವುದೂ ಇದಕ್ಕೆ ಕಾರಣವಿರಬಹುದು. ಅದೇ ದೇಶ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಆದ್ದರಿಂದ ಇದು ಕೃಷಿ ಇಲಾಖೆಯ ಕೆಲಸವೂ ಹೌದು. ಒಬ್ಬ ರೋಗಿಯ ಮಟ್ಟಿಗೆ ಹೇಳುವುದಾದರೆ, ಡಬ್ಬಿ ಮನೆಯಲ್ಲಿ ಬೀಗದೊಳಗೆ ಇರುವುದಕ್ಕಿಂತ ಮನೆಯಲ್ಲೇ ಇರದಿರುವುದು ಮೇಲು.

ಇನ್ನು ಊರಿಗೆ ಮರಳುವ ಕಷ್ಟ. ಆಳಂದ ಕಡೆಯ ಒಬ್ಬ ತಾಯಿ ಮನೆಗೆ ಹೋದ ವಾರವಿಡೀ ಜನ ನೋಡಲು ಬಂದರು. ನಮ್ಮಲ್ಲಿ ಆರಾಮಿಲ್ಲದವರನ್ನು ನೋಡಲು ಹೋಗದಿದ್ದರೆ ತಪ್ಪು. ಬಂದವರೆಲ್ಲ "ಯಾಕವ್ವ ಹಿಂಗ ಮಾಡ್ಕೊಂಡಿ, ಮಕ್ಕಳ ಮಾರಿ ನೆನಪಾಗಲಿಲ್ಲೇನು" ಎಂದು ಕೇಳಿದರು. ಅವಳಿಗೆ ಪ್ರತಿ ಸಲವೂ ಅದೇ ವಿಚಾರಣೆ. ಇದಕ್ಕೆ ಆಸ್ಪತ್ರೆಯಲ್ಲೇ ಸಿದ್ಧತೆ ಮಾಡಬಹುದು: ಯಾರಿಗೆ ಎಷ್ಟು ಹೇಳಬೇಕೆಂದು ರೋಗಿಯೇ ತೀರ್ಮಾನಿಸಲಿ, ಉಳಿದವರಿಗೆಲ್ಲ "ಆರಾಮಿದ್ದಿಲ್ಲ, ದವಾಖಾನಿಗೆ ಹೋಗಿದ್ವಿ, ಈಗ ಆರಾಮದಾಳ" ಎಂಬ ಒಂದೇ ಮಾತನ್ನು ಮನೆಯವರೆಲ್ಲ ಹೇಳಲಿ, ಆಡುವವರ ಬಾಯಿಗೆ ಒಬ್ಬ ಗಟ್ಟಿ ನಾದಿನಿ ಎದುರು ಕೂರಲಿ. ಆ ತಾಯಿಯ ದೊಡ್ಡ ದುಃಖ ಬೇರೆಯದೇ ಆಗಿತ್ತು. ಮನೆಯವರು ಹೆದರಿ ಅವಳಿಗೆ ಯಾವ ಕೆಲಸವನ್ನೂ ಕೊಡುತ್ತಿರಲಿಲ್ಲ. "ರೊಟ್ಟಿ ಬಡಿಯಾಕೂ ಬಿಡವಲ್ರು ಅಕ್ಕೋರೆ, ನಾ ಮನ್ಯಾಗ ಇದ್ದೀನೋ ಇಲ್ಲೋ" ಎಂದಳು. ಮೊದಲ ವಾರಗಳಲ್ಲಿ ಒಂಟಿಯಾಗಿ ಬಿಡಬಾರದು ಎಂದು ನಾವೇ ಹೇಳಿರುತ್ತೇವೆ, ಅದು ಸರಿ. ಆದರೆ ಜೊತೆಯಲ್ಲಿರುವುದು ಬೇರೆ, ಕಾವಲು ಕಾಯುವುದು ಬೇರೆ. ಅತ್ತಿಗೆ ಪಕ್ಕದಲ್ಲಿ ಕೂತು ಇಬ್ಬರೂ ರೊಟ್ಟಿ ಬಡಿಯಲಿ ಎಂದು ಹೇಳಿ ಕಳಿಸಿದೆ.

ಡಿಸ್ಚಾರ್ಜ್ ಆದ ಮೇಲೆ ಶರಣಬಸವೇಶ್ವರ ಗುಡಿಗೋ, ಬಂದೇನವಾಜ್ ದರ್ಗಾಕ್ಕೋ ಕರೆದೊಯ್ಯುವ ಕುಟುಂಬಗಳಿವೆ. ಎರಡಕ್ಕೂ ಒಯ್ಯುವವರೂ ಇದ್ದಾರೆ. ಗುಳಿಗೆ ನಿಲ್ಲಿಸದಿದ್ದರೆ ನನ್ನ ಅಡ್ಡಿಯಿಲ್ಲ. ಅಡ್ಡಿಯಿರುವುದು ಪತ್ರಿಕೆಯ ಸುದ್ದಿಗೆ. ಬದುಕಿ ಬಂದವರ ಹೆಸರು, ಊರು, ಫೋಟೊ, ವಿಧಾನ ಎಲ್ಲವನ್ನೂ ಬರೆಯುವುದು ಈಗಲೂ ನಡೆದಿದೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಮಾನಸಿಕ ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರದಲ್ಲಿ ಮನೋಚಿಕಿತ್ಸೆ ಪಡೆಯುತ್ತಿರುವವರ ಫೋಟೊ ಮತ್ತು ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಗಳು ಪ್ರಕಟಿಸಬಾರದೆಂದು 2017ರ ಕಾಯ್ದೆಯೂ ಹೇಳುತ್ತದೆ.

ಇದನ್ನೆಲ್ಲ ಮಾಡಲು ನಮ್ಮಲ್ಲಿ ಜನರೆಲ್ಲಿದ್ದಾರೆ ಎಂದು ಕೇಳುತ್ತೀರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಇಡೀ ದೇಶಕ್ಕೆ ಹೋದದ್ದು ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿಯಿಂದ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಅದನ್ನು ನಡೆಸಿ ತೋರಿಸಿದ ಮೇಲೆ 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ರಾಜ್ಯದಲ್ಲಿದೆ. ರೋಗಿಯನ್ನು ಕಲಬುರಗಿಗೆ ಮತ್ತೆ ಕರೆಸುವುದಕ್ಕಿಂತ ಅವರ ತಾಲ್ಲೂಕಿನ ಮಂಗಳವಾರವನ್ನು ಕಾರ್ಡಿನಲ್ಲಿ ಓದಲು ಬರುವಂತೆ ಬರೆದುಕೊಡುವುದು ಉಪಯುಕ್ತ. ಆ ಒಂಬತ್ತು ಸಂಪರ್ಕಗಳಿಗೆ ಮನೋವೈದ್ಯರೇ ಬೇಕಿಲ್ಲ. ತರಬೇತಿ ಪಡೆದ ನರ್ಸ್ ಸಾಕು, ಆಶಾ ಕಾರ್ಯಕರ್ತೆ ಸಾಕು. ಆದರೆ ಅದನ್ನು ಯಾರಾದರೊಬ್ಬರ ಕೆಲಸವೆಂದು ಬರೆದಿಡಬೇಕು, ಅದಕ್ಕೆ ಸಮಯವನ್ನೂ ಗೌರವಧನವನ್ನೂ ಕೊಡಬೇಕು. ಇರುವ ಹತ್ತು ರಿಜಿಸ್ಟರುಗಳ ಮೇಲೆ ಹನ್ನೊಂದನೆಯದನ್ನು ಪುಕ್ಕಟೆ ಹೇರಿದರೆ ಮೊದಲ ತಿಂಗಳಲ್ಲೇ ಅದು ನಿಲ್ಲುತ್ತದೆ.

ಫೋನ್ ಮಾಡುವವರಿಗೆ ಕೆಲವು ಸಣ್ಣ ಸಂಗತಿಗಳು. ನಂಬರು ಎರಡಾದರೂ ತೆಗೆದುಕೊಳ್ಳಿ. ಗುಳೆ ಹೋದವರ ಸಿಮ್ ಬದಲಾಗುತ್ತದೆ, ಹೆಂಗಸರ ಫೋನು ಗಂಡನ ಜೇಬಿನಲ್ಲಿರುತ್ತದೆ. ಬೇರೆಯವರು ಎತ್ತಿದರೆ ಏನು ಹೇಳಬೇಕೆಂದು ರೋಗಿಯ ಜೊತೆ ಮೊದಲೇ ಮಾತಾಡಿಕೊಳ್ಳಿ. ರಕ್ತ ಪರೀಕ್ಷೆಯ ವಿಷಯಕ್ಕೆ ದವಾಖಾನೆಯಿಂದ ಫೋನ್ ಎಂದರೆ ಸಾಕು. ಬೀದರ್ ಕಡೆಯವರ ಜೊತೆ ಉರ್ದು, ಮರಾಠಿಯಲ್ಲಿ, ಗುರುಮಠಕಲ್ ಕಡೆಯವರ ಜೊತೆ ತೆಲುಗಿನಲ್ಲಿ ಮಾತನಾಡಬಲ್ಲವರು ನಿಮ್ಮಲ್ಲೇ ಇದ್ದಾರೆ, ಆ ಕರೆಗಳನ್ನು ಅವರೇ ಮಾಡಲಿ. "ಆರಾಮದೀನ್ರಿ" ಎಂಬ ಮೊದಲ ಉತ್ತರಕ್ಕೆ ಫೋನ್ ಇಡಬೇಡಿ. ನಿದ್ದೆ ಹೇಗಿದೆ, ನಿನ್ನೆ ಏನು ಉಂಡಿರಿ ಎಂದು ಕೇಳಿ, ಆಮೇಲೆ ಆ ಯೋಚನೆ ಮತ್ತೆ ಬಂತೇ ಎಂದು ಕೇಳಿ.

ಹಳ್ಳಿಯಲ್ಲಿ ರಾತ್ರಿ ಹೊತ್ತು ಯಾರಾದರೂ ತಮ್ಮನ್ನು ಕರೆದರೆ ಏನು ಮಾಡಬೇಕೆಂದು ಆಶಾ ಕಾರ್ಯಕರ್ತೆಯೊಬ್ಬರು ಕೇಳಿದ್ದಾರೆ. ಏನಾದರೂ ಸೇವಿಸಿದ್ದಾರೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಎಂದು ಕಾಯದೆ, ಮನೆಮದ್ದು ಮಾಡದೆ, ಬಲವಂತವಾಗಿ ವಾಂತಿ ಮಾಡಿಸದೆ 108ಕ್ಕೆ ಕರೆ ಮಾಡಿ. ಡಬ್ಬಿಯನ್ನೋ ಚೀಟಿಯನ್ನೋ ಜೊತೆಗೆ ತನ್ನಿ. ಏನೂ ಆಗಿಲ್ಲ, ಆದರೆ ಸಾಯುವ ಮಾತಾಡುತ್ತಿದ್ದಾರೆ ಎಂದಾದರೆ ಅವರ ಜೊತೆ ಕೂತು, ಅಲ್ಲಿಂದಲೇ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಕರೆ ಮಾಡುವವರು ರೋಗಿಯೇ ಆಗಿರಬೇಕೆಂದಿಲ್ಲ. ಗಂಡ, ಹೆಂಡತಿ, ಮಗ, ನೆರೆಯವರು, ನೀವು, ಯಾರು ಬೇಕಾದರೂ ಮಾಡಬಹುದು, ಅವರನ್ನು ಹೇಗೆ ಮಾತನಾಡಿಸಬೇಕೆಂದು ಕೇಳುವುದಕ್ಕೂ ಮಾಡಬಹುದು.